ತುಂಗಭದ್ರಾ ಜಲಾಶಯ ಮತ್ತು ನಮ್ಮ ಕಾಲುವೆ



ನದಿಗೆ ಅಡ್ಡಲಾಗಿ ಗೋಡೆ ಕಟ್ಟಿ ನೀರನ್ನು ತಡೆದು ನಿಲ್ಲಿಸಿದರೆ ಅದಕ್ಕೆ ಅಣೆಕಟ್ಟು ಎನ್ನುತ್ತಾರೆ. ಹಾಗೆ ನಿಂತ ನೀರನ್ನು ಬೇಸಾಯ, ವಿದ್ಯುತ್, ಕುಡಿಯುವ ನೀರು, ಮೀನುಗಾರಿಕೆ ಹೀಗೆ ಹಲವು ಕೆಲಸಕ್ಕೆ ಬಳಸಿದರೆ ಅದು ವಿವಿಧೋದ್ದೇಶ ನದಿ ಕಣಿವೆ ಯೋಜನೆ. ಭಾಕ್ರಾ-ನಂಗಲ್, ಹಿರಾಕುಡ್, ದಾಮೋದರ, ತುಂಗಭದ್ರಾ ಎಂದು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಮೊದಲ ಮೂರು ನಮಗೆ ಪುಸ್ತಕದಲ್ಲಿ ಮಾತ್ರ ಇವೆ. ನಾಲ್ಕನೆಯದು ನಮ್ಮೂರ ಕೆರೆಯಲ್ಲಿ ಇದೆ, ನಮ್ಮ ಕೊಡದಲ್ಲಿ ಇದೆ, ಇವತ್ತು ಬಿಸಿಯೂಟದ ಅನ್ನದಲ್ಲೂ ಇತ್ತು. ಆದ್ದರಿಂದ ಈ ಸಲ ಗೋಡೆ ಪತ್ರಿಕೆಗೆ ಇದರ ಬಗ್ಗೆಯೇ ಬರೆಯುತ್ತಿದ್ದೇನೆ. ಪಕ್ಕದಲ್ಲಿ ಅಂಟಿಸಿರುವ ನಕಾಶೆಯನ್ನು ನೋಡುತ್ತಾ ಓದಿರಿ. ನೀಲಿ ಗೆರೆ ನದಿ, ಹಸಿರು ಗೆರೆ ಕಾಲುವೆ. ಹಸಿರು ಗೆರೆಯ ತುದಿಯಲ್ಲಿರುವ ಕೆಂಪು ಚುಕ್ಕೆ ನಮ್ಮೂರು.

ಮೊದಲು ನದಿಯ ವಿಷಯ. ತುಂಗಾ ಮತ್ತು ಭದ್ರಾ ಎರಡೂ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟುತ್ತವೆ. ಹುಟ್ಟಿದ ಮೇಲೆ ಬೇರೆ ಬೇರೆ ದಾರಿ ಹಿಡಿದು, ಶಿವಮೊಗ್ಗ ಜಿಲ್ಲೆಯ ಕೂಡಲಿಯಲ್ಲಿ ಪುನಃ ಸೇರುತ್ತವೆ. ಅಲ್ಲಿಂದ ಮುಂದಕ್ಕೆ ತುಂಗಭದ್ರಾ ಎಂದು ಹೆಸರು. ಹರಿಹರ, ಹೊಸಪೇಟೆ, ಹಂಪಿ, ಕಂಪ್ಲಿ, ಮಂತ್ರಾಲಯ, ಕರ್ನೂಲು ದಾಟಿ ಕಡೆಗೆ ಕೃಷ್ಣೆಯನ್ನು ಸೇರುತ್ತದೆ. ಇದರಲ್ಲಿ ಒಂದು ವಿಚಿತ್ರ ಇದೆ. ಮಳೆ ಬೀಳುವುದು ಮಲೆನಾಡಿನಲ್ಲಿ, ನೀರು ಬೇಕಾಗಿರುವುದು ನಮ್ಮ ಬಯಲು ಸೀಮೆಗೆ. ಟಿ.ವಿ.ಯಲ್ಲಿ ಶೃಂಗೇರಿ, ತೀರ್ಥಹಳ್ಳಿಯಲ್ಲಿ ಜೋರು ಮಳೆ ಎಂದು ಹೇಳಿದರೆ ನಮ್ಮ ಮನೆಯಲ್ಲಿ ಎಲ್ಲರೂ ಮಾತು ನಿಲ್ಲಿಸಿ ಕೇಳುತ್ತಾರೆ. ನಮ್ಮೂರಲ್ಲಿ ಮೋಡ ಇದೆಯೋ ಇಲ್ಲವೋ ಎಂದು ಅಷ್ಟು ನೋಡುವುದಿಲ್ಲ.

ಈ ಭಾಗ ಹಿಂದಿನಿಂದಲೂ ಬರಗಾಲದ ಸೀಮೆ. 1876ರಿಂದ 1878ರವರೆಗೆ ಬಿದ್ದ ಬರವನ್ನು ಧಾತು ಈಶ್ವರ ಬರ ಎಂದು ಕರೆಯುತ್ತಾರೆ. ಆಗ ಧಾತು ಸಂವತ್ಸರ, ಮರುವರ್ಷ ಈಶ್ವರ ಸಂವತ್ಸರ ಇದ್ದುದರಿಂದ ಆ ಹೆಸರು. ಬಳ್ಳಾರಿ, ರಾಯಚೂರು ಸೀಮೆಯಲ್ಲಿ ಜನ ದನ ಬಹಳ ಸತ್ತರು. ಅದಕ್ಕಿಂತ ಮೊದಲೇ, 1860ರಲ್ಲಿ, ಸರ್ ಆರ್ಥರ್ ಕಾಟನ್ ಎಂಬ ಇಂಜಿನಿಯರ್ ಈ ನದಿಗೆ ಅಣೆಕಟ್ಟು ಕಟ್ಟಬಹುದು ಎಂದು ಹೇಳಿದ್ದರು. ಹೇಳಿದ್ದು 1860, ಅಡಿಗಲ್ಲು ಹಾಕಿದ್ದು 1945. ಕಳೆದು ನೋಡಿದರೆ 85 ವರ್ಷ! ಯಾಕೆ ಇಷ್ಟು ತಡ ಎಂದರೆ ನದಿಯೇ ಗಡಿ ಆಗಿತ್ತು. ದಕ್ಷಿಣ ದಡ ಬ್ರಿಟಿಷರ ಮದ್ರಾಸ್ ಪ್ರಾಂತ್ಯಕ್ಕೆ, ಉತ್ತರ ದಡ ಹೈದರಾಬಾದಿನ ನಿಜಾಮರಿಗೆ ಸೇರಿತ್ತು. ನೀರು ಯಾರಿಗೆ ಎಷ್ಟು ಎಂಬ ಮಾತು ಮುಗಿಯುತ್ತಲೇ ಇರಲಿಲ್ಲ. ಕಡೆಗೆ 1944ರಲ್ಲಿ ಒಪ್ಪಂದ ಆಯಿತು. 28-2-1945ರಂದು ನದಿಯ ಆ ಕಡೆ ಒಂದು, ಈ ಕಡೆ ಒಂದು, ಹೀಗೆ ಎರಡು ಅಡಿಗಲ್ಲು ಹಾಕಿದರು. ಒಂದೇ ಗೋಡೆಗೆ ಎರಡು ಅಡಿಗಲ್ಲು. ನಮ್ಮ ಓಣಿಯಲ್ಲಿ ಅಣ್ಣ ತಮ್ಮಂದಿರು ಪಾಲಾದಾಗ ನಡುಗೋಡೆ ಕಟ್ಟುವುದು ನೆನಪಾಯಿತು.

ಕಟ್ಟುತ್ತಿರುವಾಗಲೇ 1947ರಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂತು. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು. 1953ರ ಜುಲೈ ತಿಂಗಳಲ್ಲಿ ಕಾಲುವೆಗೆ ನೀರು ಬಿಟ್ಟರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಆಂಧ್ರ ರಾಜ್ಯ ಆಯಿತು, 1956ರ ನವೆಂಬರ್ 1ಕ್ಕೆ ನಮ್ಮ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಕಟ್ಟಲು ಶುರು ಮಾಡಿದ ಎರಡು ಸರ್ಕಾರಗಳೂ ಈಗ ಇಲ್ಲ, ಡ್ಯಾಮ್ ಮಾತ್ರ ಅಲ್ಲೇ ಇದೆ. ಬಲದಂಡೆಯ ಕಡೆಯ ಕೆಲಸವನ್ನು ತುಂಗಭದ್ರಾ ಮಂಡಳಿ ನೋಡಿಕೊಳ್ಳುತ್ತದೆ. ಎಡದಂಡೆ ಕಾಲುವೆ ಕರ್ನಾಟಕ ಸರ್ಕಾರದ ಕೈಯಲ್ಲಿದೆ.

ಮದ್ರಾಸ್ ಕಡೆಯಿಂದ ತಿರುಮಲೆ ಅಯ್ಯಂಗಾರ್, ಹೈದರಾಬಾದ್ ಕಡೆಯಿಂದ ಪಾಪಯ್ಯ ಮುಂತಾದ ಇಂಜಿನಿಯರರು ದುಡಿದರು. ಎಡದಂಡೆ ಕಾಲುವೆಗೆ ಗುಡ್ಡ ಅಡ್ಡ ಬಂದಲ್ಲಿ ಅದನ್ನು ಕೊರೆದು ನೀರು ದಾಟಿಸಿದ್ದಾರೆ. ಅದಕ್ಕೆ ಪಾಪಯ್ಯ ಟನಲ್ ಎಂದೇ ಹೆಸರು. ನಮಗೆ ಬರುವ ನೀರು ಆ ಗುಡ್ಡದ ಹೊಟ್ಟೆಯೊಳಗಿಂದ ಬಂದಿರುತ್ತದೆ.

ಅಣೆಕಟ್ಟಿನ ಉದ್ದ 2449 ಮೀಟರ್, ಅಂದರೆ ಸುಮಾರು ಎರಡೂವರೆ ಕಿಲೋಮೀಟರ್. ಎತ್ತರ 49 ಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಇದು ಕಲ್ಲಿನ ಅಣೆಕಟ್ಟು. ಕಲ್ಲುಗಳ ನಡುವೆ ಸುರ್ಕಿ ಗಾರೆ ಹಾಕಿದ್ದಾರೆ. ಸುಟ್ಟ ಇಟ್ಟಿಗೆಯ ಪುಡಿ ಮತ್ತು ಸುಣ್ಣ ಸೇರಿಸಿ ಅರೆದರೆ ಸುರ್ಕಿ ಗಾರೆ ಆಗುತ್ತದೆ. ನಮ್ಮೂರ ಹಳೇ ಬಾವಿಯ ಕಟ್ಟೆಗೂ ಅದೇ ಗಾರೆ ಎಂದು ತಾತ ಹೇಳಿದರು, ನಾನು ಹೋಗಿ ಉಗುರಿನಿಂದ ಕೆರೆದು ನೋಡಿದೆ, ಬರಲಿಲ್ಲ. ಡ್ಯಾಮಿಗೆ 33 ಗೇಟುಗಳಿವೆ. ಒಂದೊಂದು ಗೇಟು 60 ಅಡಿ ಅಗಲ, 20 ಅಡಿ ಎತ್ತರ. ನಮ್ಮ ಶಾಲೆಯ ಎರಡು ಕೋಣೆಗಳನ್ನು ಜೋಡಿಸಿದರೂ ಒಂದು ಗೇಟಿನ ಅಗಲ ಆಗುವುದಿಲ್ಲ, ಟೇಪ್ ಹಿಡಿದು ಅಳೆದಿದ್ದೇವೆ.

ನಾನು ಡ್ಯಾಮನ್ನು ಎರಡು ಸಲ ನೋಡಿದ್ದೇನೆ. ಎರಡು ಸಲವೂ ಹುಣ್ಣಿಮೆಗೆ ಹುಲಿಗಿಗೆ ಹೋದಾಗ. ಹುಲಿಗೆಮ್ಮನ ದರ್ಶನ ಮುಗಿಸಿ ಮುನಿರಾಬಾದಿಗೆ ಹೋದರೆ ಅಲ್ಲೇ ಡ್ಯಾಮ್. ಹಿಂದಿನ ನೀರು ಕಣ್ಣು ಹಾಯಿಸುವಷ್ಟು ದೂರ. ನೀರು ತುಂಬಿದಾಗ ಅದು 378 ಚದರ ಕಿಲೋಮೀಟರ್ ಹರಡುತ್ತದೆ. ನನ್ನ ತಮ್ಮ ಅದನ್ನು ನೋಡಿ ಸಮುದ್ರ ಎಂದು ಕೂಗಿದ. ಅವನದೇನೂ ಪೂರ್ತಿ ತಪ್ಪಲ್ಲ, ಈ ಜಲಾಶಯಕ್ಕೆ ಪಂಪಾಸಾಗರ ಎಂಬ ಹೆಸರೂ ಇದೆ.

ಆ ನೀರಿನ ಕೆಳಗೆ ಊರುಗಳಿವೆ. ಪುಸ್ತಕದಲ್ಲಿ ಇದನ್ನು ಒಂದು ಸಾಲಿನಲ್ಲಿ ಬರೆದಿರುತ್ತಾರೆ. ನಾನು ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ನನ್ನ ಅಮ್ಮನ ತವರು ಮರಿಯಮ್ಮನಹಳ್ಳಿ. ಡ್ಯಾಮಿನಿಂದ ಸುಮಾರು ತೊಂಬತ್ತು ಹಳ್ಳಿಗಳು ಮುಳುಗಿದವು, ಐವತ್ತು ಸಾವಿರಕ್ಕೂ ಹೆಚ್ಚು ಜನ ಮನೆ ಬಿಟ್ಟರು. ನಾರಾಯಣದೇವರಕೆರೆ ಎಂಬ ಊರಿನವರು ಬಂದು ಮರಿಯಮ್ಮನಹಳ್ಳಿಯಲ್ಲಿ ನೆಲೆಸಿದರು. ನಮ್ಮ ಅಜ್ಜಿಯ ಮನೆಯವರೂ ಹಾಗೆ ಬಂದವರೇ. ಆಗ ಅಜ್ಜಿಗೆ ಐದಾರು ವರ್ಷ. ಅವರಿಗೆ ಸರಿಯಾಗಿ ನೆನಪಿರುವುದು ಒಂದೇ. "ಮನಿ ಬಾಗ್ಲ, ತೊಲಿ ಎಲ್ಲಾ ಕಿತ್ಕಂಡು ಬಂಡಿಗೆ ಹಾಕ್ಕಂಡು ಬಂದ್ವಿ. ಬೇವಿನ ಗಿಡ ಮಾತ್ರ ಬಿಟ್ಟು ಬಂದ್ವಿ" ಎನ್ನುತ್ತಾರೆ. ಆ ಬಾಗಿಲು ಈಗಲೂ ಅಜ್ಜಿಯ ಮನೆಗೆ ಇದೆ. ಮನೆ ಚಿಕ್ಕದು, ಬಾಗಿಲು ದೊಡ್ಡದು. ಹೊಸದಾಗಿ ಬಂದವರು ಇದ್ಯಾಕೆ ಹೀಗೆ ಎಂದು ಕೇಳುತ್ತಾರೆ.

ಈಗ ನೀರಿನ ಲೆಕ್ಕ. ನೀರನ್ನು ಕ್ಯೂಸೆಕ್ ಮತ್ತು ಟಿ.ಎಂ.ಸಿ. ಎಂದು ಅಳೆಯುತ್ತಾರೆ. ಒಂದು ಸೆಕೆಂಡಿಗೆ ಒಂದು ಘನ ಅಡಿ ನೀರು ಹರಿದರೆ 1 ಕ್ಯೂಸೆಕ್. ಒಂದು ಘನ ಅಡಿ ಎಂದರೆ ಸುಮಾರು 28 ಲೀಟರ್, ನಮ್ಮ ಪ್ಲಾಸ್ಟಿಕ್ ಕೊಡದಲ್ಲಿ ಎರಡು ಕೊಡ. ನೂರು ಕೋಟಿ ಘನ ಅಡಿ ಸೇರಿದರೆ 1 ಟಿ.ಎಂ.ಸಿ. ಗಣಿತದ ಸರ್ ಹೇಳಿದಂತೆ ನಾನು ಭಾಗಿಸಿ ನೋಡಿದೆ. 11,574 ಕ್ಯೂಸೆಕ್ ನೀರು ಒಂದು ಹಗಲು ಒಂದು ರಾತ್ರಿ ಹರಿದರೆ 1 ಟಿ.ಎಂ.ಸಿ. ಆಗುತ್ತದೆ. ಅಪ್ಪನ ಮೊಬೈಲಿಗೆ ದಿನಾ ಬೆಳಿಗ್ಗೆ ಡ್ಯಾಮಿನ ಮಟ್ಟ, ಒಳಹರಿವು, ಹೊರಹರಿವು ಬರುತ್ತದೆ. ಈ ಲೆಕ್ಕ ಗೊತ್ತಿದ್ದರೆ ಅದನ್ನು ಓದಿದ ಕೂಡಲೇ ಎಷ್ಟು ದಿನಕ್ಕೆ ತುಂಬುತ್ತದೆ ಎಂದು ಹೇಳಬಹುದು.

ಡ್ಯಾಮಿನ ಪೂರ್ತಿ ಮಟ್ಟ 1633 ಅಡಿ. ಇದು ಡ್ಯಾಮಿನ ಎತ್ತರ ಅಲ್ಲ, ಸಮುದ್ರ ಮಟ್ಟದಿಂದ ಲೆಕ್ಕ. ಕಟ್ಟಿದಾಗ ಸುಮಾರು 133 ಟಿ.ಎಂ.ಸಿ. ನೀರು ಹಿಡಿಯುತ್ತಿತ್ತು. 2016ರ ಸರ್ವೆಯಲ್ಲಿ 105.79 ಟಿ.ಎಂ.ಸಿ. ಮಾತ್ರ ಹಿಡಿಯುತ್ತದೆ ಎಂದು ತಿಳಿಯಿತು. ಉಳಿದ ಜಾಗದಲ್ಲಿ ಹೂಳು ತುಂಬಿದೆ. 63 ವರ್ಷಕ್ಕೆ 27 ಟಿ.ಎಂ.ಸಿ. ಜಾಗ ಹೋಯಿತು. ಹೂಳು ತೆಗೆಯಬಾರದೇ ಎಂದು ನಾವೆಲ್ಲ ಕೇಳುತ್ತೇವೆ. ತೆಗೆದ ಅಷ್ಟು ಮಣ್ಣನ್ನು ಎಲ್ಲಿ ಹಾಕಬೇಕು, ಎಷ್ಟು ಲಾರಿ ಬೇಕು ಎಂದು ಯೋಚಿಸಿದರೆ ತಲೆ ತಿರುಗುತ್ತದೆ. ಅದಕ್ಕೆ ಕೊಪ್ಪಳ ಜಿಲ್ಲೆಯ ನವಲಿಯ ಹತ್ತಿರ ಇನ್ನೊಂದು ಜಲಾಶಯ ಕಟ್ಟಿ, ಮಳೆಗಾಲದಲ್ಲಿ ಡ್ಯಾಮ್ ತುಂಬಿ ಹರಿದು ಹೋಗುವ ನೀರನ್ನು ಅಲ್ಲಿ ಹಿಡಿಯಬೇಕು ಎಂಬ ಯೋಜನೆಯನ್ನು ಕರ್ನಾಟಕ ಮುಂದಿಟ್ಟಿದೆ. ಅಲ್ಲಿ ಕಟ್ಟಿದರೂ ಯಾರದೋ ಹೊಲ ಮುಳುಗಲೇಬೇಕು ಎಂದು ಅಮ್ಮ ಹೇಳಿದರು.

ಇನ್ನೊಂದು ಲೆಕ್ಕ ನನಗೆ ಬಹಳ ದಿನ ತಿಳಿದಿರಲಿಲ್ಲ. ಈ ಡ್ಯಾಮಿನ ನೀರಿನಲ್ಲಿ ಕರ್ನಾಟಕಕ್ಕೆ 151.49, ಆಂಧ್ರಪ್ರದೇಶಕ್ಕೆ 72, ತೆಲಂಗಾಣಕ್ಕೆ 6.51 ಟಿ.ಎಂ.ಸಿ. ಎಂದು ಹಂಚಿದ್ದಾರೆ. ಕೂಡಿಸಿದರೆ 230. ಹಿಡಿಯುವುದೇ 105 ಇರುವಾಗ 230 ಕೊಡುವುದು ಹೇಗೆ? ಸಮಾಜದ ಸರ್ ಹೀಗೆ ತಿಳಿಸಿದರು. ಗುಡಾಣಕ್ಕೆ ನಳದಿಂದ ನೀರು ಬೀಳುತ್ತಾ ಇರುವಾಗಲೇ ನಾವು ಚೆಂಬಿನಿಂದ ತೋಡುತ್ತಾ ಇದ್ದರೆ, ಗುಡಾಣಕ್ಕಿಂತ ಜಾಸ್ತಿ ನೀರು ಸಿಗುತ್ತದೆ. ಮಳೆಗಾಲದಲ್ಲಿ ಡ್ಯಾಮಿಗೆ ನೀರು ಬರುತ್ತಾ ಇರುತ್ತದೆ, ಕಾಲುವೆಗೆ ಹೋಗುತ್ತಾ ಇರುತ್ತದೆ. ಆದರೆ ನಳ ನಿಂತ ಮೇಲೆ ಗುಡಾಣದಲ್ಲಿ ಇದ್ದಷ್ಟೇ ಗತಿ. ಗುಡಾಣದಲ್ಲಿ ಮಣ್ಣು ತುಂಬಿದ್ದರೆ ಅದೂ ಕಡಿಮೆ.

ಉಪಯೋಗಗಳಲ್ಲಿ ವಿದ್ಯುತ್ ಬೇಗ ಮುಗಿಸುತ್ತೇನೆ. ಹೊಸಪೇಟೆ ಕಡೆ ಡ್ಯಾಮಿನ ಬುಡದಲ್ಲಿ ಒಂದು ಮತ್ತು ಹಂಪಿ ಕಡೆ ಒಂದು ವಿದ್ಯುತ್ ಕೇಂದ್ರ ಇದೆ. ಎರಡೂ ಸೇರಿ 72 ಮೆಗಾವ್ಯಾಟ್. ಎಡದಂಡೆಯಲ್ಲಿ ಮುನಿರಾಬಾದಿನ ಕೇಂದ್ರ 28 ಮೆಗಾವ್ಯಾಟ್. ನಮ್ಮದೇ ಜಿಲ್ಲೆಯ ಶಕ್ತಿನಗರದ ಆರ್.ಟಿ.ಪಿ.ಎಸ್. 1720 ಮೆಗಾವ್ಯಾಟ್ ಸಾಮರ್ಥ್ಯದ್ದು. ಅದರ ಮುಂದೆ ಇದು ಸಣ್ಣದು. ಆದರೆ ಇದಕ್ಕೆ ಕಲ್ಲಿದ್ದಲು ಬೇಡ, ಹೊಗೆ ಇಲ್ಲ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಂಥ ದೊಡ್ಡ ಕಾರ್ಖಾನೆಗಳಿಗೂ ಡ್ಯಾಮಿನ ನೀರು ಬೇಕು. ಹಿನ್ನೀರಿನಲ್ಲಿ ಹರಿಗೋಲು ಹಾಕಿ ಮೀನು ಹಿಡಿದು ಬದುಕುವವರು ಬಹಳ ಜನ ಇದ್ದಾರೆ. ಡ್ಯಾಮಿನ ಕೆಳಗೆ ಕಂಪ್ಲಿಯವರೆಗೆ 34 ಕಿಲೋಮೀಟರ್ ನದಿಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣೆಗಾಗಿ ಮೀಸಲು ಮಾಡಿದ್ದಾರೆ. ನೀರುನಾಯಿ ನಾಯಿಯ ಜಾತಿ ಅಲ್ಲ, ಮೀನು ತಿನ್ನುವ ಬೇರೆಯೇ ಪ್ರಾಣಿ. ಪ್ರವಾಹ ತಡೆಯುವುದು ಎಂದು ಗೈಡಿನಲ್ಲಿ ಬರೆದಿರುತ್ತದೆ. ಡ್ಯಾಮ್ ತುಂಬಿದ ಮೇಲೆ ಮಲೆನಾಡಿನಿಂದ ದೊಡ್ಡ ನೀರು ಬಂದರೆ ಅದನ್ನು ನದಿಗೆ ಬಿಡಲೇಬೇಕು. ಆಗ ಕಂಪ್ಲಿ ಸೇತುವೆ, ಹಂಪಿಯ ಪುರಂದರ ಮಂಟಪ ಮುಳುಗಿದ ಫೋಟೋ ಪತ್ರಿಕೆಯಲ್ಲಿ ಬರುತ್ತದೆ. ಆದ್ದರಿಂದ ಆ ಉಪಯೋಗವನ್ನು ನಾನು ದೊಡ್ಡದಾಗಿ ಬರೆಯುವುದಿಲ್ಲ.

ದೊಡ್ಡ ಉಪಯೋಗ ನೀರಾವರಿ. ಬಲದಂಡೆಯಲ್ಲಿ ಮೇಲ್ಮಟ್ಟದ ಕಾಲುವೆ ಅನಂತಪುರದ ಕಡೆಗೂ, ಕೆಳಮಟ್ಟದ ಕಾಲುವೆ ಕರ್ನೂಲಿನ ಕಡೆಗೂ ಹೋಗುತ್ತವೆ. ವಿಜಯನಗರದ ಅರಸರ ಕಾಲದ ರಾಯ, ಬಸವಣ್ಣ ಕಾಲುವೆಗಳಿಗೂ ಈಗ ಡ್ಯಾಮಿನಿಂದಲೇ ನೀರು. ಎಡದಂಡೆ ಕಾಲುವೆ ನಮ್ಮದು. ಉದ್ದ 141 ಮೈಲಿ, ಅಂದರೆ 227 ಕಿಲೋಮೀಟರ್. ಕೊಪ್ಪಳ ಮತ್ತು ರಾಯಚೂರು ಜಿಲ್ಲೆಗಳಲ್ಲಿ ಸುಮಾರು 6 ಲಕ್ಷ ಎಕರೆಗೆ ನೀರುಣಿಸಬೇಕು ಎಂದು ಇದನ್ನು ಮಾಡಿದ್ದಾರೆ. ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಹೋದರೆ ರಸ್ತೆಯ ಎರಡೂ ಬದಿ ಭತ್ತದ ಗದ್ದೆ, ಸಾಲು ಸಾಲು ರೈಸ್ ಮಿಲ್ಲುಗಳು. ಗಂಗಾವತಿಯನ್ನು ಭತ್ತದ ಕಣಜ ಎನ್ನುತ್ತಾರೆ, ಅಲ್ಲಿಯ ಸೋನಾ ಮಸೂರಿ ಅಕ್ಕಿ ಎಲ್ಲಾ ಕಡೆ ಹೋಗುತ್ತದೆ. ಕಾಲುವೆ ಬಂದ ಮೇಲೆ ಆಂಧ್ರದ ಕರಾವಳಿಯಿಂದ ರೈತರು ಬಂದು ಜಮೀನು ಕೊಂಡು ಭತ್ತ ಬೆಳೆದರು. ಅವರು ನೆಲೆಸಿದ ಊರುಗಳಿಗೆ ಕ್ಯಾಂಪ್ ಎಂದು ಹೆಸರು. ಬರಗಾಲದ ಸೀಮೆ ಅನ್ನ ಕೊಡುವ ಸೀಮೆ ಆದದ್ದು ಸಣ್ಣ ಮಾತಲ್ಲ. ನಮ್ಮೂರಿನ ಎಷ್ಟೋ ಹೆಣ್ಣುಮಕ್ಕಳು ನಾಟಿಗೆ, ಕಳೆಗೆ ಆಟೋ ಹತ್ತಿ ಆ ಕಡೆಗೇ ಹೋಗುತ್ತಾರೆ.

ಆದರೆ ಯೋಜನೆ ಮಾಡಿದವರು ಎಲ್ಲಾ ಕಡೆ ಭತ್ತ ಬೆಳೆಯಲಿ ಎಂದು ಮಾಡಿರಲಿಲ್ಲ. ಹೆಚ್ಚಿನ ಭೂಮಿಗೆ ಲಘು ನೀರಾವರಿ ಎಂದು ಇಟ್ಟಿದ್ದರು. ಅಂದರೆ ಜೋಳ, ಹತ್ತಿ, ಶೇಂಗಾ ಇಂಥ ಕಡಿಮೆ ನೀರಿನ ಬೆಳೆ. ಸ್ವಲ್ಪ ಸ್ವಲ್ಪ ನೀರು ಬಹಳ ಜನಕ್ಕೆ. ಮೇಲುಭಾಗದಲ್ಲಿ ನೀರು ಧಾರಾಳ ಸಿಕ್ಕಿದ್ದರಿಂದ ಎಲ್ಲರೂ ಭತ್ತ ಹಾಕಿದರು. ಭತ್ತಕ್ಕೆ ಗದ್ದೆಯಲ್ಲಿ ನೀರು ನಿಲ್ಲಬೇಕು. ಹಾಗಾಗಿ ಅಲ್ಲಿ ನೀರು ಹೆಚ್ಚಾಗಿ ಎಷ್ಟೋ ಭೂಮಿ ಚೌಳು ಹಿಡಿದು ಬೆಳ್ಳಗಾಗಿದೆ, ಇಲ್ಲಿ ನೀರು ಬಾರದೆ ಹೊಲ ಬಿರುಕು ಬಿಟ್ಟಿದೆ. ಒಂದೇ ಕಾಲುವೆಯ ಎರಡು ತುದಿಯಲ್ಲಿ ಎರಡು ತರದ ತೊಂದರೆ.

ನಮ್ಮ ಮಾನ್ವಿ ಸೀಮೆ, ಸಿರವಾರ, ರಾಯಚೂರು ಕಡೆಯವರು ಕೊನೆ ಭಾಗದ ರೈತರು. ನಮ್ಮೂರಲ್ಲಿ ದೊಡ್ಡವರು ಮಾತಾಡುವಾಗ "69ನೇ ಮೈಲಿನಾಗ ಗೇಜ್ ಎಷ್ಟದ?" ಎಂದು ಕೇಳುವುದನ್ನು ನೀವೂ ಕೇಳಿರುತ್ತೀರಿ. ಕಾಲುವೆಯ 69ನೇ ಮೈಲಿಯಲ್ಲಿ ನೀರಿನ ಆಳ ಅಳೆಯುತ್ತಾರೆ. ಅಲ್ಲಿ ಗೇಜ್ ಸರಿ ಇದ್ದರೆ ಮುಂದೆ 104ನೇ ಮೈಲಿಗೆ ನೀರು ಬರುತ್ತದೆ, ಅಲ್ಲಿಗೆ ಬಂದರೆ ನಮ್ಮ ಉಪಕಾಲುವೆಯ ಕೊನೆಯ ತೂಬಿಗೂ ಬರಬಹುದು. ಬರಬಹುದು ಎಂದೇ ಬರೆದಿದ್ದೇನೆ. ಯಾಕೆಂದರೆ ವಾರಬಂದಿ ಎಂದು ಸರದಿ ಹಾಕಿದರೂ ರಾತ್ರಿ ಹೊತ್ತು ಮೇಲೆ ಯಾರೋ ತೂಬು ಎತ್ತುತ್ತಾರೆ, ಪೈಪ್ ಇಟ್ಟು ಎಳೆಯುತ್ತಾರೆ. ಅದಕ್ಕೆ ನಮ್ಮೂರವರು ಸರದಿಯ ರಾತ್ರಿ ಬ್ಯಾಟರಿ ಹಿಡಿದುಕೊಂಡು ಕಾಲುವೆಯ ಮೇಲೆ ನಡೆಯುತ್ತಾರೆ. ಅಪ್ಪ ಹೋದ ರಾತ್ರಿ ಅಮ್ಮ ನಿದ್ದೆ ಮಾಡುವುದಿಲ್ಲ. ನೀರಿನ ಜಗಳದಲ್ಲಿ ಯಾರಿಗೆ ಏನಾಗುತ್ತದೋ ಎಂಬ ಭಯ.

ನಮ್ಮ ತಾತನ ತಂದೆ ಈ ಕಾಲುವೆಯನ್ನು ಕಡಿಯಲು ಕೂಲಿಗೆ ಹೋಗಿದ್ದವರು. ತಾತ ಸಿಟ್ಟು ಬಂದಾಗ "ಕಾಲುವಿ ಕಡದವ್ರು ನಾವು, ನೀರು ಕುಡ್ಯಾವ್ರು ಅವ್ರು" ಎನ್ನುತ್ತಾರೆ. ಒಂದು ದಿನ ಊಟಕ್ಕೆ ಕೂತಾಗ ಹಾಗೇ ಅಂದರು. ಅಮ್ಮ ರೊಟ್ಟಿ ಬಡಿಯುತ್ತಾ, "ನಾವು ಊರೇ ಕೊಟ್ಟೀವಿ ಮಾವ" ಎಂದರು. ತಾತ ಏನೂ ಮಾತಾಡಲಿಲ್ಲ. ಇನ್ನೊಂದು ರೊಟ್ಟಿ ಹಾಕಿಸಿಕೊಂಡರು. ನಮ್ಮ ಮನೆಯಲ್ಲಿ ಡ್ಯಾಮಿನ ತಲೆಯೂ ಇದೆ, ಕಾಲುವೆಯ ಬಾಲವೂ ಇದೆ ಎಂದು ನನಗೆ ಆವತ್ತು ಅನ್ನಿಸಿತು.

ಈಗ 2024ರ ಸಂಗತಿ. ಆ ವರ್ಷ ಒಳ್ಳೆ ಮಳೆಯಾಗಿ ಡ್ಯಾಮ್ ಪೂರ್ತಿ ತುಂಬಿತ್ತು. ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಕೊಂಡು ಹೋಯಿತು. ಬೆಳಿಗ್ಗೆ ಊರೆಲ್ಲ ಅದೇ ಸುದ್ದಿ. ಆ ಒಂದು ಕಿಂಡಿಯಿಂದಲೇ ಸುಮಾರು 35,000 ಕ್ಯೂಸೆಕ್ ನೀರು ನದಿಗೆ ಹೋಗುತ್ತಿತ್ತು. ಮೇಲೆ ಹೇಳಿದ ಲೆಕ್ಕ ಹಾಕಿರಿ, ದಿನಕ್ಕೆ 3 ಟಿ.ಎಂ.ಸಿ. ಅದರ ಮೇಲೆ ಡ್ಯಾಮಿನ ಒತ್ತಡ ಇಳಿಸಲು ಬೇರೆ ಗೇಟುಗಳನ್ನೂ ತೆರೆದರು. ತುಂಬಿದ ಡ್ಯಾಮನ್ನು ಖಾಲಿ ಮಾಡಬೇಕಾಯಿತಲ್ಲ ಎಂದು ಎಲ್ಲರಿಗೂ ಸಂಕಟ. ಗದ್ದೆಗಳಲ್ಲಿ ಆಗ ತಾನೇ ನಾಟಿ ನಡೆದಿತ್ತು.

ಈ ಡ್ಯಾಮಿಗೆ ಗೇಟು ಕೆಟ್ಟರೆ ಅದರ ಮುಂದೆ ಇಳಿಸುವ ತಡೆ ಹಲಗೆಯ ವ್ಯವಸ್ಥೆ ಕಟ್ಟಿದಾಗ ಮಾಡಿರಲಿಲ್ಲ. ಕನ್ನಯ್ಯ ನಾಯ್ಡು ಎಂಬ ಗೇಟು ತಜ್ಞರನ್ನು ಕರೆಸಿದರು. ಅವರು ವಯಸ್ಸಾದವರು, ನಿವೃತ್ತರು. ನೀರು ಹರಿಯುತ್ತಿರುವಾಗಲೇ ಮುಚ್ಚಬಹುದು ಎಂದು ಅವರು ಹೇಳಿದರು. ಉಕ್ಕಿನ ತಡೆಯನ್ನು ಐದು ತುಂಡುಗಳಾಗಿ ಮಾಡಿಸಿ, ಕ್ರೇನಿನಿಂದ ಒಂದರ ಮೇಲೆ ಒಂದು ಇಳಿಸಿದರು. ಆಗಸ್ಟ್ 16ರ ಸಂಜೆ ಮೊದಲನೆಯದು ಕೂತಿತು, 17ಕ್ಕೆ ಐದೂ ಮುಗಿದವು. ನೀರಿನ ರಭಸದ ಎದುರು ಕಬ್ಬಿಣ ಹಿಡಿದು ನಿಂತ ಆ ಕೆಲಸಗಾರರನ್ನು ನಾವು ಮೊಬೈಲಿನಲ್ಲಿ ನೋಡಿದೆವು. ಮೊದಲ ತುಂಡು ಕೂತಾಗ ಅವರು ಕೂಗಿದರು, ಇಲ್ಲಿ ಕಟ್ಟೆಯ ಮೇಲೆ ಕೂತವರೂ ಕೂಗಿದರು. ನಮ್ಮ ಪುಣ್ಯ, ಆಮೇಲೆ ಮಳೆ ಬಂದು ಡ್ಯಾಮ್ ಮತ್ತೆ ತುಂಬಿತು.

ಎಪ್ಪತ್ತು ವರ್ಷ ನೀರಿನಲ್ಲಿ ನಿಂತ ಗೇಟುಗಳು. ತಜ್ಞರು ಪರೀಕ್ಷೆ ಮಾಡಿ ಎಲ್ಲಾ 33 ಗೇಟುಗಳನ್ನೂ ಬದಲಾಯಿಸಬೇಕು ಎಂದರು. ಅದಕ್ಕೇ 2025ರಲ್ಲಿ ಮಳೆ ಚೆನ್ನಾಗಿದ್ದರೂ ಸುಮಾರು 80 ಟಿ.ಎಂ.ಸಿ. ಮಾತ್ರ ನಿಲ್ಲಿಸಿ ಉಳಿದದ್ದನ್ನು ನದಿಗೆ ಬಿಟ್ಟರು. ಆ ವರ್ಷದ ಕೊನೆಗೆ ಗೇಟು ಬದಲಾಯಿಸುವ ಕೆಲಸ ಶುರುವಾಯಿತು. ಕೆಲಸ ಆಗಬೇಕಾದರೆ ಡ್ಯಾಮಿನ ನೀರು ಇಳಿದಿರಬೇಕು, ಆದ್ದರಿಂದ ಎರಡನೇ ಬೆಳೆಗೆ ನೀರು ಕೊಡುವುದಿಲ್ಲ ಎಂದು ತೀರ್ಮಾನ ಆಯಿತು. ಅದನ್ನು ಕೇಳಿ ಮೇಲುಭಾಗದವರು ಬಹಳ ನೊಂದುಕೊಂಡರು. ತಾತ ಮಾತ್ರ ನಕ್ಕು, "ನಮಗ ಯಾವಾಗ ಇತ್ತಪ್ಪಾ ಎರಡನೇದು?" ಎಂದರು. ಆದರೆ ನಮಗೂ ಪೆಟ್ಟು ಬಿತ್ತು. ನಾಟಿ ಇಲ್ಲವೆಂದರೆ ಆ ಕಡೆ ಕೂಲಿಯೂ ಇಲ್ಲ. ಸಂಕ್ರಾಂತಿ ಮುಗಿದ ಮೇಲೆ ನಮ್ಮ ಓಣಿಯಿಂದ ಬೆಂಗಳೂರಿಗೆ ಗುಳೆ ಹೋದ ಮನೆಗಳು ಹನ್ನೊಂದು. ನಮ್ಮ ತರಗತಿಯ ಮೂರು ಜನರ ಜಾಗ ಖಾಲಿ ಇದ್ದದ್ದು ಅದಕ್ಕೇ. ಮನೆಯಲ್ಲಿ ಅಜ್ಜ ಅಜ್ಜಿ ಇದ್ದವರು ಶಾಲೆಗೆ ಉಳಿದರು, ಇಲ್ಲದವರು ಅಪ್ಪ ಅಮ್ಮನ ಜೊತೆ ಹೋದರು.

ನಮ್ಮೂರಲ್ಲಿ ಬೋರ್ ಕೊರೆದರೆ ಉಪ್ಪು ನೀರು. ಕುಡಿಯಲು ಶಾಲೆಯ ಹಿಂದಿನ ಕೆರೆಯೇ ಗತಿ, ಅದು ತುಂಬುವುದು ಕಾಲುವೆಯಿಂದ. ಬೇಸಿಗೆಗೆ ಕಾಲುವೆ ನಿಲ್ಲಿಸುವ ಮೊದಲು ಒಂದು ಸಲ ತುಂಬಿಸಿಕೊಂಡರೆ, ಮುಂದೆ ಮಲೆನಾಡಿನಲ್ಲಿ ಮಳೆಯಾಗಿ, ಡ್ಯಾಮಿಗೆ ನೀರು ಬಂದು, ಗುಡ್ಡದ ಟನಲ್ ದಾಟಿ, 69 ಮತ್ತು 104ನೇ ಮೈಲಿ ದಾಟಿ ಇಲ್ಲಿಗೆ ಬರುವವರೆಗೆ ಅದೇ ನೀರು ಸಾಲಬೇಕು. ಕೆರೆಗೆ 24 ಮೆಟ್ಟಿಲುಗಳಿವೆ. ಈ ಲೇಖನ ಅಂಟಿಸಿದ ದಿನ 10 ಮೆಟ್ಟಿಲು ಕಾಣುತ್ತಿದ್ದವು. ಪ್ರತಿ ಸೋಮವಾರ ಪ್ರಾರ್ಥನೆಗೆ ಮೊದಲು ನಾನು ಹೋಗಿ ಎಣಿಸಿ, ಕೆಳಗೆ ಬಿಟ್ಟಿರುವ ಖಾಲಿ ಜಾಗದಲ್ಲಿ ಪೆನ್ಸಿಲಿನಿಂದ ಬರೆಯುತ್ತೇನೆ. ನಾನು ಬಾರದ ದಿನ ಯಾರಾದರೂ ಬರೆಯಿರಿ, ತಾರೀಖು ಹಾಕುವುದನ್ನು ಮರೆಯಬೇಡಿರಿ.